ಓದುಗರ ಪ್ರಶ್ನೆ, ನಮ್ಮ ಉತ್ತರ: ಇಗರ್ಜಿಯ ಅಂಗಳದಲ್ಲಿ ತ್ರಿವರ್ಣ ಧ್ವಜ

ಪ್ರಶ್ನೆ: ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು, ಸ್ವಾತಂತ್ರ್ಯ ದಿನವೂ ಹೌದು. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಬಲಿಪೀಠಕ್ಕೆ (ಪೂಜೆ ಅರ್ಪಿಸುವ ಮೇಜಿಗೆ) ರಾಷ್ಟ್ರಧ್ವಜವನ್ನೇ ಹಾಸಬೇಕು, ಮಳೆ ಬಿಡುವುದಿಲ್ಲವಾದ್ದರಿಂದ ಇನ್ನೊಂದು ಧ್ವಜವನ್ನು ಒಳಗೇ ಏರಿಸಬೇಕು ಎಂದು ನಮ್ಮ ಯುವಕರು ಹಟ ಹಿಡಿದಿದ್ದಾರೆ. ಬೇಡ ಎಂದರೆ ದೇಶಪ್ರೇಮ ಇಲ್ಲದವರು ಅನ್ನಿಸಿಕೊಳ್ಳುತ್ತೇವೇನೋ ಎಂಬ ಅಳುಕು. ಏನು ಮಾಡೋಣ?
(ಧರ್ಮಕೇಂದ್ರದ ಪಾಲನಾ ಸಮಿತಿ ಸದಸ್ಯರು, ಹೊಸನಗರ ತಾಲ್ಲೂಕು)

ಉತ್ತರ: ಹಾಸುವುದು ಬೇಡವೇ ಬೇಡ. ಅದನ್ನು ಹೇಳಲು ಅಳುಕಬೇಕಾಗಿಯೂ ಇಲ್ಲ, ಏಕೆಂದರೆ ಧ್ವಜದ ಗೌರವಕ್ಕಾಗಿಯೇ ಅದು ಬೇಡ. 2002ರ ಭಾರತದ ಧ್ವಜ ಸಂಹಿತೆಯ ಪ್ರಕಾರ ರಾಷ್ಟ್ರಧ್ವಜವನ್ನು ಮೇಜಿಗೆ, ಭಾಷಣದ ಪೀಠಕ್ಕೆ, ವೇದಿಕೆಗೆ ಹೊದಿಕೆಯಾಗಿ ಬಳಸುವಂತಿಲ್ಲ. ಬಲಿಪೂಜೆಯ ವಿಧಿಯೂ ಬಲಿಪೀಠದ ಮೇಲೆ ಬಿಳಿ ಬಟ್ಟೆಯನ್ನೇ ಕೇಳುತ್ತದೆ. ಹೀಗಾಗಿ ದೇಶದ ನಿಯಮ, ಧರ್ಮಸಭೆಯ ನಿಯಮ ಎರಡೂ ಇಲ್ಲಿ ಒಂದೇ ಕಡೆ ನಿಲ್ಲುತ್ತವೆ. ಯುವಕರಿಗೆ ಮೊದಲು ಇದನ್ನು ತಿಳಿಸಿ. ಅವರ ಪ್ರೀತಿ ತಪ್ಪಲ್ಲ, ಅವರು ಆರಿಸಿಕೊಂಡ ಜಾಗ ತಪ್ಪು.

ವಿಶ್ವಾಸದ ಕಡೆಯಿಂದ ಇರುವ ಕಾರಣ ಇನ್ನೂ ಆಳದ್ದು. ಬಲಿಪೀಠ ಆರಾಧನೆಯ ಜಾಗ. ದೇಶಕ್ಕೆ ಪ್ರೀತಿ, ಕೃತಜ್ಞತೆ, ಸೇವೆ ಎಲ್ಲವೂ ಸಲ್ಲಬೇಕು, ಆರಾಧನೆ ದೇವರೊಬ್ಬರಿಗೇ. ಈ ಎರಡನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯನ್ನು ನೋಡಿ. 1933ರ ಹೊತ್ತಿಗೆ ಅಲ್ಲಿನ ಕೆಲವು ಚರ್ಚುಗಳ ಒಳಗೇ ನಾಜಿಗಳ ಸ್ವಸ್ತಿಕದ ಬಾವುಟ ಬಂದು ನಿಂತಿತ್ತು. ಅದನ್ನು ಒಪ್ಪದ ಕ್ರೈಸ್ತರು 1934ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿ, ಧರ್ಮಸಭೆ ಕಿವಿಗೊಡಬೇಕಾದ ದೇವರ ವಾಕ್ಯ ಯೇಸು ಕ್ರಿಸ್ತ ಒಬ್ಬರೇ ಎಂದು ಘೋಷಿಸಿದರು. ನಮ್ಮ ತ್ರಿವರ್ಣಕ್ಕೂ ಆ ಬಾವುಟಕ್ಕೂ ಹೋಲಿಕೆಯೇ ಇಲ್ಲ. ಆದರೆ ಬಲಿಪೀಠ ಯಾರದು ಎಂಬ ಪ್ರಶ್ನೆಗೆ ಉತ್ತರ ಎಲ್ಲ ದೇಶಗಳಲ್ಲೂ ಒಂದೇ.

ಧ್ವಜವನ್ನು ಅಂಗಳದಲ್ಲಿ ಏರಿಸಿ. ಹಲವು ಇಗರ್ಜಿಗಳಲ್ಲಿ ಎಡವುವುದು ಇಲ್ಲೇ: ತುದಿಯಲ್ಲಿ ಶಿಲುಬೆ ಇರುವ ಹಬ್ಬದ ಕಂಬಕ್ಕೇ ರಾಷ್ಟ್ರಧ್ವಜ ಕಟ್ಟುತ್ತಾರೆ. ಧ್ವಜ ಹಾರುವ ಕಂಬದ ಮೇಲೆ ಹೂವು, ಹಾರ, ಲಾಂಛನ ಯಾವುದೂ ಇರಬಾರದು ಎಂದು ಸಂಹಿತೆ ಹೇಳುತ್ತದೆ. ಆದ್ದರಿಂದ ಬೇರೆಯೇ ಕಂಬ ನೆಡಿ. ಹಬ್ಬದ ಬಾವುಟಗಳಿದ್ದರೆ ಅವು ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ, ಅದರ ಪಕ್ಕಕ್ಕೇ ಆಗಲಿ ಇರಕೂಡದು. ಅಂದಿಗೆ ಇಳಿಸಿಬಿಡುವುದು ಸುಲಭ.

ಇನ್ನು ಮಳೆ. ಮಲೆನಾಡಿನ ಆಗಸ್ಟ್‌ನಲ್ಲಿ ಧ್ವಜ ಬಿಚ್ಚಿಕೊಳ್ಳದೆ ನಿಂತು ಎಲ್ಲರೂ ಮುಖ ಮುಖ ನೋಡಿಕೊಳ್ಳುವುದು ಅಪರೂಪವಲ್ಲ. ಕಾರಣಗಳು ಮೂರು. ಹತ್ತಿಯ ಹಗ್ಗ ನೀರು ಕುಡಿದು ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ; ನೈಲಾನ್ ಹಗ್ಗ ಹಾಕಿ, ಹಿಂದಿನ ದಿನವೇ ರಾಟೆಗೆ ಎಣ್ಣೆ ಬಿಡಿ. ಒಳಗೆ ತುಂಬಿದ ಹೂವಿನ ಎಸಳು ಒದ್ದೆಯಾಗಿ ಬಟ್ಟೆಗೆ ಅಂಟುತ್ತದೆ. ಎಸಳು ಇಡಲು ಅನುಮತಿ ಇದೆ, ಒಂದು ಹಿಡಿಗಿಂತ ಹೆಚ್ಚು ಬೇಡ. ಮೂರನೆಯದು ಗಂಟು: ಜೀರುಗುಣಿಕೆ ಸಡಿಲವಾಗಿರಬೇಕು, ಎಳೆದೊಡನೆ ಬಿಚ್ಚಬೇಕು. ಅಭ್ಯಾಸವನ್ನು ಅದೇ ಅಳತೆಯ ಟವೆಲ್ಲಿನಲ್ಲಿ ಮಾಡಿ, ಧ್ವಜದಲ್ಲಿ ಬೇಡ. ಕಟ್ಟುವ ಮುನ್ನ ಕೇಸರಿ ಮೇಲಿದೆಯೇ ಎಂದು ಇಬ್ಬರು ನೋಡಲಿ. ಇಗರ್ಜಿಯ ಅಂಗಳಕ್ಕೆ 900 × 600 ಮಿಲಿಮೀಟರಿನ ಧ್ವಜ ಚೆನ್ನಾಗಿ ಹೊಂದುತ್ತದೆ. ಖಾದಿ ಒದ್ದೆಯಾದರೆ ಭಾರವಾಗಿ ಕಂಬಕ್ಕೆ ಸುತ್ತಿಕೊಳ್ಳುತ್ತದೆ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಧ್ವಜದ ಮೇಲೆ ಪ್ರೀತಿ ಇದ್ದರೆ ಅದನ್ನೇ ಬಳಸಿ, ತಪ್ಪೇನಿಲ್ಲ.

ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಇಳಿಸಿದ ಮೇಲೆ ನೆರಳಿನಲ್ಲಿ ಪೂರ್ತಿ ಒಣಗಿಸಿ. ಒದ್ದೆ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿದರೆ ನಮ್ಮ ಹವೆಯಲ್ಲಿ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ. ಮಡಿಸುವಾಗ ಕೇಸರಿ ಮತ್ತು ಹಸಿರು ಪಟ್ಟಿಗಳು ಬಿಳಿಯ ಕೆಳಗೆ ಹೋಗಬೇಕು, ಆಮೇಲೆ ಎರಡೂ ಬದಿಯಿಂದ ಒಳಕ್ಕೆ ಮಡಿಸಿದರೆ ಚಕ್ರ ಮೇಲೆ ಕಾಣುತ್ತದೆ. ಹರಿದ, ಬಣ್ಣಗೆಟ್ಟ ಧ್ವಜವನ್ನು ಯಾರೂ ನೋಡದ ಕಡೆ ಇಡಿಯಾಗಿ, ಗೌರವದಿಂದ ಸುಡಬೇಕು.

ದಿನದ ಕ್ರಮ ಹೀಗಿರಲಿ: ಮೊದಲು ಬಲಿಪೂಜೆ, ಆಶೀರ್ವಾದ ಮುಗಿದ ಮೇಲೆ ಎಲ್ಲರೂ ಅಂಗಳಕ್ಕೆ, ಅಲ್ಲಿ ಧ್ವಜಾರೋಹಣ ಮತ್ತು 52 ಸೆಕೆಂಡಿನ ರಾಷ್ಟ್ರಗೀತೆ. ಪೂಜೆಯೊಳಗೆ ದೇಶಕ್ಕೆ ಜಾಗವೇ ಇಲ್ಲ ಎಂದಲ್ಲ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಧರ್ಮಸಭೆಯ ನಂತರ ಎರಡನೆಯ ಕೋರಿಕೆಯೇ ಆಳುವವರಿಗಾಗಿ ಮತ್ತು ಲೋಕದ ಒಳಿತಿಗಾಗಿ. ಅದನ್ನು "ನಮ್ಮ ದೇಶಕ್ಕೆ ಜಯವಾಗಲಿ" ಎಂಬ ಘೋಷಣೆಯಾಗಿಸದೆ, "ನಮ್ಮನ್ನಾಳುವವರು ಬಡವರಿಗೆ ನ್ಯಾಯ ಕೊಡುವಂತೆ, ಪಕ್ಷಪಾತವಿಲ್ಲದೆ ನಡೆಯುವಂತೆ" ಎಂದು ಪ್ರಾರ್ಥನೆಯಾಗಿಯೇ ಬರೆಯಿರಿ. ಅಂದಿನ ಶುಭಸಂದೇಶದಲ್ಲಿ ಮರಿಯಮ್ಮ ಹಾಡುವುದೂ ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ ದೀನರನ್ನು ಮೇಲೆತ್ತುವ ದೇವರನ್ನೇ (ಲೂಕ 1:52). ಸ್ವಾತಂತ್ರ್ಯ ದಿನದ ಪ್ರಬೋಧನೆಗೆ ಇದಕ್ಕಿಂತ ಒಳ್ಳೆಯ ವಾಕ್ಯ ಹುಡುಕಬೇಕಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಾಳೆ, ಆದರೆ ಹಾಡುವುದಿಲ್ಲ. ಅವಳ ಮನೆಯವರು ಯೆಹೋವನ ಸಾಕ್ಷಿಗಳು (ರಾಷ್ಟ್ರಗೀತೆ ಹಾಡುವುದು ತಮ್ಮ ನಂಬಿಕೆಗೆ ವಿರುದ್ಧ ಎನ್ನುವ ಕ್ರೈಸ್ತ ಪಂಗಡ). ಶಿಕ್ಷಿಸಬೇಕೆಂದು ಕೆಲವು ಪೋಷಕರ ಒತ್ತಾಯ. ನಾನೂ ಕ್ರೈಸ್ತಳೇ, ಆದರೆ ಸಂತೋಷದಿಂದ ಹಾಡುತ್ತೇನೆ.
(ಪ್ರೌಢಶಾಲಾ ಶಿಕ್ಷಕಿ, ಸಾಗರ)

ಉತ್ತರ: ಶಿಕ್ಷಿಸಬೇಡಿ. ಇದೇ ಸಂಗತಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಇತ್ಯರ್ಥವಾಗಿದೆ. ಕೇರಳದ ಒಂದು ಶಾಲೆ 1985ರ ಜುಲೈನಲ್ಲಿ ಒಂದೇ ಮನೆಯ ಮೂವರು ಮಕ್ಕಳನ್ನು ಇದೇ ಕಾರಣಕ್ಕೆ ಹೊರಹಾಕಿತ್ತು. ಅವರೂ ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಬಿಜೋಯ್ ಇಮ್ಯಾನುಯೆಲ್ ಪ್ರಕರಣ ಎಂದು ಹೆಸರಾದ ಅದರ ತೀರ್ಪು 1986ರ ಆಗಸ್ಟ್ 11ರಂದು ಬಂತು. ಎದ್ದು ನಿಂತರೆ ಗೌರವ ಸಲ್ಲಿಸಿದಂತೆಯೇ, ಹಾಡಲೇಬೇಕೆಂಬ ಕಾನೂನಿಲ್ಲ, ಹೊರಹಾಕಿದ್ದು ಸಂವಿಧಾನದ 19 ಮತ್ತು 25ನೇ ವಿಧಿಗಳ ಹಕ್ಕಿಗೆ ಧಕ್ಕೆ ಎಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರ ಪೀಠ ಹೇಳಿತು. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಆದೇಶವಾಯಿತು. 1971ರ ರಾಷ್ಟ್ರ ಗೌರವ ಕಾಯ್ದೆಯ 3ನೇ ಸೆಕ್ಷನ್ ತಡೆಯುವುದು ಎರಡನ್ನು: ಹಾಡುವವರನ್ನು ಬೇಕೆಂದೇ ತಡೆಯುವುದು, ಹಾಡುವ ಸಭೆಗೆ ಅಡ್ಡಿ ಮಾಡುವುದು. ಸುಮ್ಮನೆ ನಿಲ್ಲುವುದು ಎರಡೂ ಅಲ್ಲ.

ಹುಡುಗಿಯ ತಾಯಿತಂದೆಯನ್ನು ಕರೆದು, ನೆಟ್ಟಗೆ ನಿಲ್ಲಬೇಕು, ಪಕ್ಕದವರ ಜೊತೆ ಮಾತು ಬೇಡ ಎಂಬಿಷ್ಟನ್ನು ಸ್ಪಷ್ಟಪಡಿಸಿ. ಅವಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಬೇಡಿ; ಮಗುವಿಗೆ ಅದೇ ಶಿಕ್ಷೆಯಾಗುತ್ತದೆ. ಪ್ರಾರ್ಥನೆಯ ಹೊತ್ತಿಗೆ ಯಾರೂ ಮೊಬೈಲಿನಲ್ಲಿ ವಿಡಿಯೊ ಮಾಡದಂತೆ ನೋಡಿಕೊಳ್ಳಿ. ಇಂಥ ವಿಷಯ ಕೈಮೀರುವುದು ಅಲ್ಲಿಂದಲೇ.

ನೀವು ಹಾಡುವುದರಲ್ಲೂ ವಿಶ್ವಾಸಕ್ಕೆ ಕುಂದಿಲ್ಲ. ಕ್ಯಾಥೊಲಿಕ್, ಸಿಎಸ್‌ಐ, ಮೆಥೋಡಿಸ್ಟ್ ಸಭೆಗಳೆಲ್ಲ ಹಾಡುತ್ತವೆ. ಭಾಗ್ಯವಿಧಾತ ಎಂದರೆ ಯಾವ ದೊರೆಯೂ ಅಲ್ಲ, ಯುಗಯುಗಗಳ ಸಾರಥಿ ಎಂದು ಟ್ಯಾಗೋರರು 1937ರ ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದಾರೆ. ಚರಿತ್ರೆಯ ಒಡೆಯ ದೇವರೇ ಎಂದು ನಂಬುವವರಿಗೆ ಆ ಮಾತು ಪರಕೀಯವಲ್ಲ. ನಮ್ಮ ಜಿಲ್ಲೆಯ ಕುಪ್ಪಳಿಯ ಕವಿ ಬರೆದ ನಾಡಗೀತೆಯಲ್ಲಂತೂ ಕ್ರೈಸ್ತರ ಹೆಸರೇ ಇದೆ.

ಪ್ರಶ್ನೆ: "ಮೇಲಧಿಕಾರಿಗಳಿಗೆ ಅಧೀನರಾಗಿರಿ" ಎಂದು ಸಂತ ಪೌಲರು ಬರೆದಿದ್ದಾರೆ. ಹಾಗಾದರೆ ಸರ್ಕಾರವನ್ನು ಟೀಕಿಸುವುದು ಪಾಪವೇ?
(ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಪೌಲರು ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯವನ್ನು ಏಳನೇ ವಚನಕ್ಕೇ ನಿಲ್ಲಿಸಿ ಓದುವುದರಿಂದ ಈ ಗೊಂದಲ. 12ನೇ ಅಧ್ಯಾಯದಿಂದ ಓದಿ, 13:10ರವರೆಗೆ ಹೋಗಿ. ಹಿಂದೆ "ಕೆಟ್ಟದ್ದಕ್ಕೆ ಸೋಲಬೇಡ, ಒಳ್ಳೆಯದರಿಂದ ಅದನ್ನು ಗೆಲ್ಲು" ಎಂಬ ಬುದ್ಧಿಮಾತಿದೆ, ಮುಂದೆ "ಪ್ರೀತಿಯೇ ಧರ್ಮಶಾಸ್ತ್ರದ ನೆರವೇರಿಕೆ" ಎಂಬ ಮಾತಿದೆ. ಅಧಿಕಾರಿ ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕ ಎಂದು ಪೌಲರು ಹೇಳುವಾಗ ಅಧಿಕಾರಿಗೂ ಒಂದು ಅಳತೆಗೋಲು ಸಿಕ್ಕಿತು. ತೆರಿಗೆ, ಕಾನೂನು, ಮರ್ಯಾದೆ ಕೊಡಲೇಬೇಕು. ಆದರೆ ದೇವರ ಆಜ್ಞೆಗೆ ಎದುರಾದ ಆಜ್ಞೆ ಬಂದಾಗ ಪೇತ್ರರ ಉತ್ತರ ನಿಲ್ಲುತ್ತದೆ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು (ಅಪೊಸ್ತಲರ ಕೃತ್ಯಗಳು 5:29).

ಪೌಲರ ನಡತೆಯನ್ನೂ ನೋಡಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟು ಕಳಿಸಲು ನೋಡಿದಾಗ ಅವರು ಒಪ್ಪಲಿಲ್ಲ. ನಾವು ರೋಮಿನ ಪೌರರು, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದರು (ಅಪೊಸ್ತಲರ ಕೃತ್ಯಗಳು 16:37). ಮುಂದೆ ರೋಮಿನ ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಹಾಕಿದರು. ಕಾನೂನಿಗೆ ವಿಧೇಯನಾದವನು ಕಾನೂನಿನ ಹಕ್ಕನ್ನು ಕೇಳುವುದು ದ್ರೋಹವಲ್ಲ. ಗ್ರಾಮಸಭೆಯಲ್ಲಿ ಎದ್ದು ಮಾತಾಡುವುದು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ನ್ಯಾಯಾಲಯಕ್ಕೆ ಹೋಗುವುದು ಇದೇ ಜಾತಿಯವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು; ಮನೆ ಗದ್ದೆ ಮುಳುಗಿಸಿಕೊಂಡ ಶರಾವತಿ ಸಂತ್ರಸ್ತರ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳಿಂದ ಅಲೆದಿವೆ. ಅವರ ಪರವಾಗಿ ಅರ್ಜಿ ಬರೆದುಕೊಡುವವನು ಬಾಯಲ್ಲಿ ಜೈಕಾರ ಹಾಕಿ ಸುಮ್ಮನಾಗುವವನಿಗಿಂತ ದೊಡ್ಡ ದೇಶಪ್ರೇಮಿ ಎಂದೇ ನಮ್ಮ ನಂಬಿಕೆ.

ಪ್ರಶ್ನೆ: ಈಸೂರಿನ ಹುತಾತ್ಮರನ್ನು ಚರ್ಚಿನ ಪ್ರಾರ್ಥನೆಯಲ್ಲಿ ನೆನೆಯಬಹುದೇ? ಅಲ್ಲಿ ಹಿಂಸೆ ನಡೆದಿತ್ತಲ್ಲ?
(ಭಾನುವಾರ ಶಾಲೆಯ ಶಿಕ್ಷಕರು, ಶಿಕಾರಿಪುರ)

ಉತ್ತರ: ನೆನೆಯಬಹುದು, ನೆನೆಯಬೇಕು. ಆದರೆ ನಡೆದದ್ದನ್ನು ಪೂರ್ತಿಯಾಗಿ ಹೇಳಿ. 1942ರಲ್ಲಿ ಈಸೂರು ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಅಮಲ್ದಾರರು (ತಾಲ್ಲೂಕಿನ ಅಧಿಕಾರಿ), ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಲಾಯಿತು. ಪ್ರಾರ್ಥನೆಯಲ್ಲಿ ಈ ಐವರ ಜೊತೆ ಆ ಇಬ್ಬರನ್ನೂ ಸೇರಿಸಿ. ಕೊಂದವರಿಗಾಗಿಯೂ ಕೊಲ್ಲಲ್ಪಟ್ಟವರಿಗಾಗಿಯೂ ಒಟ್ಟಿಗೆ ಪ್ರಾರ್ಥಿಸಲು ಸಾಧ್ಯವಾಗುವುದು ಕ್ರೈಸ್ತ ಪ್ರಾರ್ಥನೆಯ ಗುಣ.

ದಬ್ಬಾಳಿಕೆಗೆ ಆಯುಧ ಹಿಡಿದು ಎದುರು ನಿಲ್ಲಬಹುದೇ ಎಂಬುದರಲ್ಲಿ ಸಭೆಗಳು ಒಂದೇ ಮಾತಾಡುವುದಿಲ್ಲ. ಅಹಿಂಸೆಯನ್ನೇ ಪಾಲಿಸುವ ಕ್ರೈಸ್ತ ಪಂಗಡವಾದ ಮೆನ್ನೊನೈಟರು ಎಂದಿಗೂ ಇಲ್ಲ ಎನ್ನುತ್ತಾರೆ. ಕ್ಯಾಥೊಲಿಕ್ ಧರ್ಮೋಪದೇಶ 2243ನೇ ಕಂಡಿಕೆಯಲ್ಲಿ ಐದು ಷರತ್ತು ಹಾಕುತ್ತದೆ: ಮೂಲಭೂತ ಹಕ್ಕುಗಳ ಮೇಲೆ ಖಚಿತವಾದ, ಘೋರವಾದ, ದೀರ್ಘಕಾಲದ ದೌರ್ಜನ್ಯ ಇರಬೇಕು, ಬೇರೆಲ್ಲ ದಾರಿ ಮುಗಿದಿರಬೇಕು, ಇನ್ನೂ ಕೆಟ್ಟ ಅನಾಹುತ ಆಗಬಾರದು, ಗೆಲುವಿನ ಭರವಸೆಗೆ ಆಧಾರವಿರಬೇಕು, ಇದಕ್ಕಿಂತ ಒಳ್ಳೆಯ ಪರಿಹಾರ ಕಾಣದಂತಿರಬೇಕು. ಐದೂ ಒಟ್ಟಿಗೆ ಕೂಡಬೇಕು. ಮಕ್ಕಳ ಮುಂದೆ ಈ ಐದನ್ನಿಟ್ಟು ಈಸೂರಿನ ಬಗ್ಗೆ ಅವರೇ ಯೋಚಿಸಲು ಬಿಡಿ. ಉತ್ತರ ನೀವು ಮೊದಲೇ ಹೇಳಬೇಡಿ.

ಪ್ರಶ್ನೆ: "ನಿಮ್ಮದು ಹೊರಗಿನ ಧರ್ಮ" ಎನ್ನುವವರಿಗೆ ಏನು ಹೇಳುವುದು?
(ತೀರ್ಥಹಳ್ಳಿ)

ಉತ್ತರ: ಜಗಳವಾಡದೆ ಹೆಸರುಗಳನ್ನು ಹೇಳಿ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿ, ಗಾಂಧೀಜಿಯ ಜೊತೆ ನಿಂತು ಸೆರೆಮನೆ ಕಂಡ ಜೆ. ಸಿ. ಕುಮಾರಪ್ಪ, ದೇಶದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್, ನಮ್ಮ ಘಟ್ಟದ ಕೆಳಗಿನ ಉಡುಪಿ ಸೀಮೆಯ ಸ್ವಾತಂತ್ರ್ಯ ಹೋರಾಟಗಾರ ಜೋಕಿಮ್ ಆಳ್ವ, ಎಲ್ಲರೂ ಕ್ರೈಸ್ತರು.

ಪ್ರಶ್ನೆ: ನಮ್ಮ ಅಪ್ಪ ಸೈನ್ಯದಿಂದ ನಿವೃತ್ತರು, ಈಗ ಹಾಸಿಗೆ ಹಿಡಿದಿದ್ದಾರೆ. "ವೈರಿಗಳನ್ನು ಪ್ರೀತಿಸಿ ಎಂದ ಯೇಸುವಿನ ಮುಂದೆ ನಾನು ಹೇಗೆ ನಿಲ್ಲಲಿ" ಎಂದು ಕೇಳುತ್ತಾರೆ. ತಮ್ಮ ಶವಪೆಟ್ಟಿಗೆಯ ಮೇಲೆ ಧ್ವಜ ಹೊದಿಸಬೇಕೆಂಬ ಆಸೆಯೂ ಅವರಿಗಿದೆ.
(ಭದ್ರಾವತಿ)

ಉತ್ತರ: ಅಪ್ಪನಿಗೆ ಲೂಕ 3:14 ಓದಿ ಹೇಳಿ. ನಾವೇನು ಮಾಡಬೇಕು ಎಂದು ಸೈನಿಕರು ಕೇಳಿದಾಗ ಸ್ನಾನಿಕ ಯೋವಾನ್ನರು ಕೆಲಸ ಬಿಡಿ ಅನ್ನಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತಿಪಡಿ ಎಂದರು. ಆಯುಧ ಹಿಡಿಯೆನೆಂದು 295ರಲ್ಲಿ ಪ್ರಾಣ ಕೊಟ್ಟ ಮ್ಯಾಕ್ಸಿಮಿಲಿಯನ್‌ನನ್ನು ಧರ್ಮಸಭೆ ಸಂತನೆನ್ನುತ್ತದೆ. ತಮ್ಮ ಕರ್ತವ್ಯವನ್ನು ಗೌರವದಿಂದ ಮಾಡುವ ಸೈನಿಕರು ಶಾಂತಿಗೆ ನಿಜವಾಗಿ ನೆರವಾಗುತ್ತಾರೆ ಎಂದು ಹೇಳುವುದೂ ಅದೇ ಧರ್ಮಸಭೆ. ವೈರಿಯನ್ನು ಪ್ರೀತಿಸುವುದೆಂದರೆ ಗಾಯಗೊಂಡವನಿಗೆ, ಸೆರೆಸಿಕ್ಕವನಿಗೆ ಕೇಡು ಮಾಡದಿರುವುದು, ದ್ವೇಷವನ್ನು ಮನೆಗೆ ಹೊತ್ತು ತರದಿರುವುದು. ಅಪ್ಪನ ಮನಸ್ಸಿನಲ್ಲಿ ಯಾವುದೋ ಒಂದು ಘಟನೆ ಕೊರೆಯುತ್ತಿರಬಹುದು. ಈಗಲೇ ಗುರುಗಳನ್ನು ಮನೆಗೆ ಕರೆಸಿ, ಅವರಿಬ್ಬರನ್ನೇ ಬಿಟ್ಟು ನೀವು ಹೊರಗೆ ಬನ್ನಿ.

ಧ್ವಜದ ವಿಷಯ: ಸರ್ಕಾರಿ, ಸೈನಿಕ ಮತ್ತು ಕೇಂದ್ರ ಅರೆಸೇನಾ ಪಡೆಗಳ ಗೌರವದ ಅಂತ್ಯಕ್ರಿಯೆ ಬಿಟ್ಟರೆ ಧ್ವಜ ಹೊದಿಸಲು ಅನುಮತಿ ಇಲ್ಲ. ಮನೆಯವರು ತಾವಾಗಿ ಅಂಗಡಿಯಿಂದ ತಂದು ಹೊದಿಸಿದರೆ ಅದು ತಪ್ಪಾಗುತ್ತದೆ. ಅಪ್ಪನ ಸೇವಾ ದಾಖಲೆ, ಪಿಂಚಣಿ ಪುಸ್ತಕ ಹಿಡಿದು ಸೈನಿಕ ಕಲ್ಯಾಣ ಇಲಾಖೆಯಲ್ಲಿ ಈಗಲೇ ವಿಚಾರಿಸಿ; ಸಾವಿನ ದಿನ ಓಡಾಡಲು ಆಗುವುದಿಲ್ಲ. ಅನುಮತಿ ಸಿಕ್ಕಿದರೆ ಕೇಸರಿ ತಲೆಯ ಕಡೆಗೆ ಬರಬೇಕು. ಚರ್ಚಿನ ಬಾಗಿಲಲ್ಲಿ ಧ್ವಜ ತೆಗೆದು, ಜ್ಞಾನಸ್ನಾನವನ್ನು ನೆನಪಿಸುವ ಬಿಳಿಯ ಹೊದಿಕೆ ಹಾಸಿ ಒಳಗೆ ಒಯ್ಯುವ ಪದ್ಧತಿ ಹಲವು ದೇಶಗಳಲ್ಲಿದೆ. ನಿಮ್ಮ ಗುರುಗಳ ಜೊತೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಪೂಜೆಯ ನಂತರ ಬಾಗಿಲಲ್ಲೇ ಮತ್ತೆ ಧ್ವಜ ಹೊದಿಸಿ ಸಮಾಧಿಗೆ ಹೋಗಬಹುದು. ಗುಂಡಿಗೆ ಇಳಿಸುವ ಮುನ್ನ ಅದನ್ನು ತೆಗೆಯಲೇಬೇಕು, ಮಣ್ಣಿಗೆ ಹೋಗಕೂಡದು. ಮಡಿಸಲು ಇಬ್ಬರು ಬೇಕು. ಯಾರು ಎಂದು ಮೊದಲೇ ಗೊತ್ತು ಮಾಡಿಡಿ.