ಮಲೇಷ್ಯಾ ಇಸ್ಲಾಮಿಕ್ ದೇಶವೇ?

ಹೌದು ಅಂದ್ರೂ ಪೂರ್ತಿ ಸರಿಯಲ್ಲ, ಇಲ್ಲ ಅಂದ್ರೂ ಅಲ್ಲ. ಸಂವಿಧಾನದ 3ನೇ ವಿಧಿ ಪ್ರಕಾರ ಇಸ್ಲಾಂ ಒಕ್ಕೂಟದ ಧರ್ಮ. ಬೇರೆ ಧರ್ಮಗಳನ್ನೂ ಪಾಲಿಸಬಹುದು. ನಿಜವಾದ ಗಂಟು ಇರುವುದು 160ನೇ ವಿಧಿಯಲ್ಲಿ. ಅದರ ಪ್ರಕಾರ ಮಲಯ್ ಅಂದರೆ ಮಲಯ್ ಮಾತಾಡುವ, ಮಲಯ್ ಪದ್ಧತಿ ಪಾಲಿಸುವ, ಜೊತೆಗೆ ಇಸ್ಲಾಂ ನಂಬುವ ವ್ಯಕ್ತಿ. ಜನಾಂಗ, ಧರ್ಮ ಎರಡನ್ನೂ ಕಾನೂನೇ ಹೆಣೆದುಬಿಟ್ಟಿದೆ, ನೋಡಿ. ಮುಸ್ಲಿಮರ ಗುರುತಿನ ಚೀಟಿ ಮೇಲೆ ‘ಇಸ್ಲಾಂ’ ಎಂದು ಅಚ್ಚಾಗಿರುತ್ತದೆ. ಉಳಿದವರದ್ದರಲ್ಲಿ ಧರ್ಮ ಕಾಣುವುದಿಲ್ಲ.

ಮುಸ್ಲಿಮರ ಮದುವೆ, ವಿಚ್ಛೇದನ ಎಲ್ಲ ಶರಿಯಾ ಕೋರ್ಟಿಗೆ. 1988ರ ತಿದ್ದುಪಡಿಯ ನಂತರ ಆ ವಿಷಯಗಳಲ್ಲಿ ಹೈಕೋರ್ಟಿಗೆ ಅಧಿಕಾರವಿಲ್ಲ. ಸರಿ, ಮುಸ್ಲಿಮೇತರ ದಂಪತಿಯಲ್ಲಿ ಗಂಡ ಒಬ್ಬನೇ ಇಸ್ಲಾಂಗೆ ಮತಾಂತರವಾದರೆ ಮಕ್ಕಳ ಕಥೆ? ಇದೇ ದೊಡ್ಡ ತಲೆನೋವಾಗಿತ್ತು. ಮಕ್ಕಳ ಮತಾಂತರಕ್ಕೆ ತಂದೆ ತಾಯಿ ಇಬ್ಬರೂ ಒಪ್ಪಬೇಕು ಎಂದು 2018ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟ್ ಹೇಳಿತು.