ಮಂಜಿನಲ್ಲಿ ರೇಡಿಯೋ ದಿಕ್ಕು ನಂಬಿ ದೋಣಿ ನಡೆಸಿದರೆ ಎಷ್ಟು ಸರಿ ಬರುತ್ತೆ?

ನೀವು ಚಿಕ್ಕಬಳ್ಳಾಪುರದಿಂದ ಕೇಳಿರುವುದು ಇಷ್ಟು: ನಂದಿ ಬೆಟ್ಟದ ತಿರುವಿನಲ್ಲಿ ಮಂಜು ಕವಿದು ಮುಂದಿನ ಬೈಕೇ ಕಾಣಲಿಲ್ಲ. ಜಿಪಿಎಸ್ ಇಲ್ಲದ ಕಾಲದಲ್ಲಿ ಸಮುದ್ರದ ದೋಣಿಗಳು ಇಂಥ ಮಂಜಿನಲ್ಲಿ ರೇಡಿಯೋ ಸಿಗ್ನಲ್ಲಿನ ದಿಕ್ಕು ಹಿಡಿದು ದಡ ಸೇರುತ್ತಿದ್ದವು ಎಂದು ಓದಿದ್ದೀರಿ. ಅದು ಎಷ್ಟು ನಿಖರ, ಈಗಲೂ ಉಪಯೋಗ ಇದೆಯಾ?

ನಾನು ತುಮಕೂರಿನವನು. ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದೆ, ಈಗ ಊರಲ್ಲಿ ಹ್ಯಾಮ್ ರೇಡಿಯೋ ಹವ್ಯಾಸ. ದಿಕ್ಕು ಹುಡುಕುವ ಈ ಕೆಲಸ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಂಕಿ. ದೊಡ್ಡ ಹಡಗು, ಸರಿಯಾಗಿ ಹೊಂದಿಸಿದ ಯಂತ್ರ, ಹಗಲು ಹೊತ್ತು, ಹತ್ತಿರದ ಬೀಕನ್ (ಗುರುತಿನ ಸಿಗ್ನಲ್ ಬಿಡುವ ರೇಡಿಯೋ ಸ್ಟೇಷನ್), ಇಷ್ಟೂ ಕೂಡಿ ಬಂದರೆ ತಪ್ಪು ಸುಮಾರು 2 ಡಿಗ್ರಿ ಒಳಗೆ. ಸಣ್ಣ ದೋಣಿಯಲ್ಲಿ ಕೈಯಲ್ಲಿ ಹಿಡಿದ ಯಂತ್ರವಾದರೆ 5 ಡಿಗ್ರಿ ಎಂದು ಇಟ್ಟುಕೊಳ್ಳಿ. ಅಲೆ ಜಾಸ್ತಿ ಇದ್ದರೆ ಅದಕ್ಕಿಂತ ಹೆಚ್ಚು. ಆದರೆ ಡಿಗ್ರಿ ಒಂದನ್ನೇ ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಆ ಡಿಗ್ರಿ ಎಷ್ಟು ದೂರದಲ್ಲಿ ಸಿಕ್ಕಿತು, ಅದನ್ನು ಇಟ್ಟುಕೊಂಡು ನಾವಿಕ ಏನು ಮಾಡಿದ ಎನ್ನುವುದರಲ್ಲಿ ಉಳಿದರ್ಧ ಇದೆ.

ಮಂಜಿನಿಂದ ಈ ರೇಡಿಯೋಗೆ ಏನೂ ತೊಂದರೆ ಇಲ್ಲ. ಸಮುದ್ರದ ಬೀಕನ್‌ಗಳು ಸುಮಾರು 285ರಿಂದ 325 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತಿದ್ದವು. ಅಲ್ಲಿ ಒಂದೊಂದು ತರಂಗದ ಉದ್ದ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಅಷ್ಟು ಉದ್ದದ ತರಂಗಕ್ಕೆ ಕಣ್ಣಿಗೂ ಕಾಣದ ನೀರಹನಿ ಯಾವ ಲೆಕ್ಕ? ದೀಪಸ್ತಂಭದ ಬೆಳಕು ಮಂಜಿನಲ್ಲಿ ಅರ್ಧ ಮೈಲಿ ದಾಟದಿದ್ದಾಗಲೂ ಅದರ ಪಕ್ಕದ ರೇಡಿಯೋ ಬೀಕನ್ 50 ಮೈಲಿ ಆಚೆಗೂ ಚೆನ್ನಾಗಿ ಕೇಳುತ್ತಿತ್ತು. (ಇಲ್ಲಿ ಮೈಲಿ ಎಂದರೆ ಸಮುದ್ರದ ಮೈಲಿ, 1.852 ಕಿಲೋಮೀಟರ್.)

ದಿಕ್ಕು ಹಿಡಿಯುವುದು ಕಿವಿಯ ಕೆಲಸ. ಆಂಟೆನಾ ಒಂದು ತಂತಿಯ ಬಳೆ, ಅಂದರೆ ಲೂಪ್. ಸಣ್ಣ ಯಂತ್ರದಲ್ಲಿ ಅದರ ಬದಲು ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಾಂತೀಯ ಕಡ್ಡಿ. ಅದನ್ನು ತಿರುಗಿಸುತ್ತಾ ಹೋದರೆ ಸದ್ದು ಏರುತ್ತದೆ, ಇಳಿಯುತ್ತದೆ. ಜೋರಾಗಿ ಕೇಳುವ ಕಡೆ ನೋಡಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಹತ್ತಿಪ್ಪತ್ತು ಡಿಗ್ರಿ ತಿರುಗಿಸಿದರೂ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸದ್ದು ಅಡಗುವ ಜಾಗ ಮಾತ್ರ ಚೂಪು. ಹೆಡ್‌ಫೋನ್ ಹಾಕಿಕೊಂಡು, ಎಡಕ್ಕೆ ತಿರುಗಿಸಿ ಸದ್ದು ಮತ್ತೆ ಹುಟ್ಟುವ ಅಂಕಿ ನೋಡಿಕೊಳ್ಳಬೇಕು. ಬಲಕ್ಕೆ ತಿರುಗಿಸಿ ಅಲ್ಲೂ ನೋಡಬೇಕು. ಎರಡರ ಮಧ್ಯ ನಮಗೆ ಬೇಕಾದ ದಿಕ್ಕು. ಯುರೋಪಿನ ಕಡೆ ಆರು ಬೀಕನ್‌ಗಳು ಒಂದೇ ತರಂಗಾಂತರ ಹಂಚಿಕೊಂಡು ಒಂದೊಂದು ನಿಮಿಷ ಸರದಿ ಮೇಲೆ ಬರುತ್ತಿದ್ದವು. ಮೋರ್ಸ್‌ನಲ್ಲಿ ತನ್ನ ಗುರುತು ಹೇಳಿ, ಆಮೇಲೆ ಒಂದು ಉದ್ದ ಗೆರೆ, ಅಂದರೆ ಎಡೆಬಿಡದ ಒಂದೇ ಸದ್ದು. ಆ ಗೆರೆ ಮುಗಿಯುವುದರೊಳಗೆ ಅಳತೆ ಆಗಬೇಕು. ತಪ್ಪಿದರೆ ಅದೇ ಬೀಕನ್‌ಗೆ ಮುಂದಿನ ಸುತ್ತಿನವರೆಗೂ ಕಾಯಬೇಕು. ಕೈಯಂತ್ರದವರ ಕಷ್ಟ ಇನ್ನೂ ಹೆಚ್ಚು: ದೋಣಿ ಓಲಾಡುತ್ತದೆ, ಯಂತ್ರದ ಮೇಲಿನ ದಿಕ್ಸೂಚಿಯೂ ಅದರ ಜೊತೆ ಓಲಾಡುತ್ತದೆ.

ಡಿಗ್ರಿಯನ್ನು ಮೈಲಿ ಮಾಡಲು ಒಂದು ಸುಲಭ ಲೆಕ್ಕ ಇದೆ. 60 ಮೈಲಿ ದೂರದಲ್ಲಿ 1 ಡಿಗ್ರಿ ತಪ್ಪಿದರೆ ಪಕ್ಕಕ್ಕೆ 1 ಮೈಲಿ ತಪ್ಪುತ್ತದೆ. 5 ಡಿಗ್ರಿ ತಪ್ಪು 12 ಮೈಲಿಯಲ್ಲಿ 1 ಮೈಲಿ ಆಗುತ್ತದೆ, 2 ಮೈಲಿಯಲ್ಲಿ ಸುಮಾರು 300 ಮೀಟರ್. ಹತ್ತಿರ ಬಂದಷ್ಟೂ ತಾನಾಗಿಯೇ ಸರಿಹೋಗುವುದು ಈ ವಿದ್ಯೆಯ ದೊಡ್ಡ ಗುಣ. ಜಿಪಿಎಸ್‌ನ ತಪ್ಪು ಎಲ್ಲಿ ನಿಂತರೂ ಹೆಚ್ಚುಕಡಿಮೆ ಅಷ್ಟೇ. ಇದರದ್ದು ಬೀಕನ್ ಕಡೆ ಹೋದಂತೆ ಕರಗುತ್ತದೆ.

ಆ 2 ಡಿಗ್ರಿ ಸುಮ್ನೆ ಬರುವುದಲ್ಲ. ಹಡಗಿನ ಉಕ್ಕಿನ ಮೈ ಸಿಗ್ನಲ್ ಹಿಡಿದು ಮತ್ತೆ ಹೊರಗೆ ಬಿಡುತ್ತದೆ, ಇದರಿಂದ ದಿಕ್ಕು ತಿರುಚುತ್ತದೆ. ಮೂತಿಯ ನೇರಕ್ಕೆ, ಹಿಂದಕ್ಕೆ, ಎರಡೂ ಪಕ್ಕಗಳಿಗೆ ತಪ್ಪು ಕಡಿಮೆ. ಮೂಲೆಗಳಲ್ಲಿ, ಅಂದರೆ 45 ಡಿಗ್ರಿ ಹತ್ತಿರ, ಜಾಸ್ತಿ. ಇದನ್ನು ಅಳೆಯಲು ಕಣ್ಣಿಗೆ ಕಾಣುವ ಟ್ರಾನ್ಸ್‌ಮಿಟರ್ ಮುಂದೆ ಹಡಗನ್ನು ನಿಧಾನವಾಗಿ ಪೂರ್ತಿ ಒಂದು ಸುತ್ತು ತಿರುಗಿಸುತ್ತಾರೆ. ನಾನು ಒಳಗೆ ಗೋನಿಯೋಮೀಟರ್ (ಸಿಗ್ನಲ್ಲಿನ ದಿಕ್ಕು ಓದುವ ಉಪಕರಣ) ಮುಂದೆ ಕೂತು ಸದ್ದು ಅಡಗಿದ ಕ್ಷಣಕ್ಕೆ ‘ಈಗ’ ಎಂದು ಕೂಗುತ್ತಿದ್ದೆ. ಮೇಲೆ ಬ್ರಿಡ್ಜ್‌ನಲ್ಲಿ ನಿಂತ ಆಫೀಸರ್ ಅದೇ ಕ್ಷಣಕ್ಕೆ ಕಣ್ಣಳತೆಯ ದಿಕ್ಕು ಬರೆದುಕೊಳ್ಳುತ್ತಿದ್ದರು. ಎರಡರ ವ್ಯತ್ಯಾಸವೇ ಆ ಹಡಗಿನ ತಿದ್ದುಪಡಿ ಪಟ್ಟಿ. ಅಳತೆ ಮಾಡುವಾಗ ಸರಕು ಎತ್ತುವ ಡೆರಿಕ್‌ಗಳು ಮಲಗಿದ್ದರೆ, ಬಳಸುವಾಗಲೂ ಮಲಗಿರಬೇಕು. ಇಲ್ಲದಿದ್ದರೆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಸಣ್ಣ ದೋಣಿಯಲ್ಲೂ ಇದೇ ಕಥೆ. ಸುತ್ತ ಕಟ್ಟಿದ ಲೋಹದ ತಂತಿಯ ಬೇಲಿ ಒಂದು ಮುಚ್ಚಿದ ಬಳೆಯಾಗಿ ಇನ್ನೊಂದು ಆಂಟೆನಾದಂತೆ ಕೆಲಸ ಮಾಡುತ್ತದೆ. ಅದಕ್ಕೆ ತಿಳಿದವರು ಒಂದು ಕಡೆ ತಂತಿ ಬಿಚ್ಚಿ ಹಗ್ಗದ ತುಂಡು ಕಟ್ಟುತ್ತಿದ್ದರು.

ಇನ್ನು ರಾತ್ರಿಯ ವಿಷಯ. ಹಗಲಲ್ಲಿ ನಮಗೆ ಸಿಗುವುದು ನೆಲ, ನೀರು ಸವರಿಕೊಂಡು ಬರುವ ತರಂಗ ಮಾತ್ರ. ಆಕಾಶಕ್ಕೆ ಹೋದದ್ದನ್ನು ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ವಲಯ) ಕೆಳಪದರ ನುಂಗಿಬಿಡುತ್ತದೆ. ಕತ್ತಲಾದ ಮೇಲೆ ಆ ಪದರ ಕರಗಿ, ಮೇಲಿನ ಪದರಕ್ಕೆ ಬಡಿದ ತರಂಗ ವಾಪಸ್ ಬಂದು ನೆಲದ ತರಂಗದ ಜೊತೆ ಬೆರೆಯುತ್ತದೆ. ಆಗ ಸದ್ದು ಪೂರ್ತಿ ಅಡಗುವುದೇ ಇಲ್ಲ. ಅಡಗಿದ ಹಾಗೆ ಕಂಡರೂ ಜಾಗ ಅತ್ತಿತ್ತ ಅಲೆಯುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ದಡದ ಹತ್ತಿರ ಮಂಜು ಹೆಚ್ಚಾಗಿ ಕಟ್ಟುವುದು ಯಾವಾಗ? ಬೆಳಗಿನ ಜಾವ, ನಿಮ್ಮ ನಂದಿಯಲ್ಲಿ ಇದ್ದ ಹಾಗೆಯೇ. ಯಂತ್ರ ತುಂಬಾ ಬೇಕಾದ ಹೊತ್ತಿಗೇ ಅದರ ಮಾತು ಅನುಮಾನ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಬೀಕನ್ ಹತ್ತಿರ ಇದ್ದರೆ ನೆಲದ ತರಂಗವೇ ಬಲವಾಗಿರುತ್ತದೆ, ತೊಂದರೆ ಕಡಿಮೆ. ದೂರದ್ದನ್ನು ಆ ಹೊತ್ತಿನಲ್ಲಿ ನಂಬಬಾರದು.

ಸಿಗ್ನಲ್ ನೆಲದಿಂದ ನೀರಿಗೆ ಇಳಿಯುವಾಗ ದಡದ ಗೆರೆಯಲ್ಲಿ ಸ್ವಲ್ಪ ಬಾಗುತ್ತದೆ. ದಡಕ್ಕೆ ಓರೆಯಾಗಿ ಸವರಿಕೊಂಡು ಬಂದರೆ ಇನ್ನೂ ಜಾಸ್ತಿ. ವಿಮಾನಗಳಿಗಾಗಿ ಒಳನಾಡಿನಲ್ಲಿಟ್ಟ ಬೀಕನ್‌ಗಿಂತ ಸಮುದ್ರಕ್ಕೆ ಚಾಚಿದ ದೀಪಸ್ತಂಭದ ಬೀಕನ್ ಮೇಲು ಎನ್ನುವುದು ಅದಕ್ಕೇ.

ಈಗ ನಿಜವಾಗಿ ಜನ ಸತ್ತ ಎರಡು ಘಟನೆ ಹೇಳುತ್ತೇನೆ. ಎರಡರಲ್ಲೂ ಕಲಿಯುವುದು ತುಂಬಾ ಇದೆ.

ಬರೀ ಲೂಪ್ ಇದ್ದರೆ ಸ್ಟೇಷನ್ ಮುಂದಿದೆಯೋ ಹಿಂದಿದೆಯೋ ಗೊತ್ತಾಗುವುದಿಲ್ಲ. 180 ಡಿಗ್ರಿ ಆಚೆಗೂ ಸದ್ದು ಹಾಗೆಯೇ ಅಡಗುತ್ತದೆ. ಅದನ್ನು ಬಿಡಿಸಲು ಇನ್ನೊಂದು ನೆಟ್ಟಗಿನ ಆಂಟೆನಾ ಬೇಕು. 1923ರ ಸೆಪ್ಟೆಂಬರ್ 8ರ ರಾತ್ರಿ ಅಮೆರಿಕದ 14 ಡೆಸ್ಟ್ರಾಯರ್ ನೌಕೆಗಳು ಕ್ಯಾಲಿಫೋರ್ನಿಯಾದ ದಡದಗುಂಟ ದಕ್ಷಿಣಕ್ಕೆ 20 ನಾಟ್ ವೇಗದಲ್ಲಿ ಹೋಗುತ್ತಿದ್ದವು. ಪಾಯಿಂಟ್ ಆರ್ಗ್ಯುಯೆಲ್ಲೋ ಎಂಬ ಭೂಶಿರದ ರೇಡಿಯೋ ಸ್ಟೇಷನ್, ನೀವಿನ್ನೂ ನಮ್ಮ ಉತ್ತರಕ್ಕಿದ್ದೀರಿ ಎಂಬ ಅರ್ಥದ ದಿಕ್ಕು ಕೊಟ್ಟಿತು. ಮುಂದಾಳು ನೌಕೆಯವರು ತಾವು ಆ ಭೂಶಿರವನ್ನು ದಾಟಿಯಾಗಿದೆ ಎಂದು ಲೆಕ್ಕ ಹಾಕಿದ್ದರು. ರೇಡಿಯೋ ಉಲ್ಟಾ ದಿಕ್ಕು ಹೇಳುತ್ತಿದೆ ಎಂದುಕೊಂಡು ಪೂರ್ವಕ್ಕೆ ತಿರುಗಿದರು. ಮಂಜಿನೊಳಗೆ ಹೊಂಡಾ ಪಾಯಿಂಟ್ ಬಂಡೆಗಳಿಗೆ ಒಂದರ ಹಿಂದೆ ಒಂದು ಬಡಿದು ಏಳು ನೌಕೆ ಹೋದವು, 23 ಜನ ಸತ್ತರು. ರೇಡಿಯೋ ಹೇಳಿದ್ದೇ ಸರಿಯಾಗಿತ್ತು.

ಇನ್ನೊಂದು ಇದಕ್ಕೆ ತದ್ವಿರುದ್ಧ. ಅಮೆರಿಕದ ಪೂರ್ವ ದಡದಾಚೆಯ ನಾಂಟಕೆಟ್ ಮರಳುದಿಬ್ಬಗಳ ದಕ್ಷಿಣಕ್ಕೆ ಲಂಗರು ಹಾಕಿದ್ದ ದೀಪದ ಹಡಗಿನಲ್ಲಿ (ದೀಪಸ್ತಂಭದ ಕೆಲಸ ಮಾಡುವ ಹಡಗು) ರೇಡಿಯೋ ಬೀಕನ್ ಇತ್ತು. ಯುರೋಪಿನಿಂದ ನ್ಯೂಯಾರ್ಕಿಗೆ ಬರುವ ದೊಡ್ಡ ಹಡಗುಗಳು ಅದನ್ನೇ ಮೂತಿಗೆ ಸರಿಯಾಗಿ ಇಟ್ಟುಕೊಂಡು ಬರುತ್ತಿದ್ದವು. 1934ರ ಮೇ 15ರಂದು ದಟ್ಟ ಮಂಜಿನಲ್ಲಿ ಟೈಟಾನಿಕ್‌ನ ಸೋದರಿ ಹಡಗು ಒಲಿಂಪಿಕ್ ನೇರವಾಗಿ ಬಂದು ಆ ದೀಪದ ಹಡಗನ್ನೇ ಸೀಳಿತು. ಅದರಲ್ಲಿದ್ದ 11 ಜನರಲ್ಲಿ 7 ಜನ ಸತ್ತರು. ಅದೇ ವರ್ಷ ಜನವರಿಯಲ್ಲಿ ಇನ್ನೊಂದು ಹಡಗು ಅದರ ಪಕ್ಕ ಸವರಿಕೊಂಡು ಹೋಗಿತ್ತು. ಇಲ್ಲಿ ದಿಕ್ಕಿನಲ್ಲಿ ಕೊರತೆ ಇರಲಿಲ್ಲ, ದೂರ ಗೊತ್ತಿರಲಿಲ್ಲ. ಒಂದು ಬೀಕನ್ ಕೊಡುವುದು ಒಂದು ಗೆರೆ ಮಾತ್ರ. ಆ ಗೆರೆಯ ಮೇಲೆ ನೀವು 20 ಮೈಲಿ ಆಚೆ ಇದ್ದೀರೋ, 200 ಮೀಟರ್ ಆಚೆ ಇದ್ದೀರೋ ಅದು ಹೇಳುವುದಿಲ್ಲ.

ಹಾಗಾಗಿ ಒಳ್ಳೆಯ ನಾವಿಕರು ಬೀಕನ್ ಕಡೆ ನೇರವಾಗಿ ಹೋಗುತ್ತಿರಲಿಲ್ಲ. ಬೇಕೆಂದೇ ಒಂದು ಪಕ್ಕಕ್ಕೆ ಇಟ್ಟುಕೊಂಡು, ದಿಕ್ಕು ನಿಧಾನವಾಗಿ ಹಿಂದಕ್ಕೆ ಸರಿಯುವುದನ್ನು ನೋಡುತ್ತಿದ್ದರು. ಎರಡು ಮೂರು ಬೀಕನ್ ಹಿಡಿದು ಚಾರ್ಟಿನ ಮೇಲೆ ಗೆರೆ ಎಳೆದರೆ ಅವು ಒಂದೇ ಚುಕ್ಕೆಯಲ್ಲಿ ಸೇರುವುದು ಅಪರೂಪ, ಒಂದು ತ್ರಿಕೋನ ಆಗುತ್ತದೆ. ದೋಣಿ ಆ ತ್ರಿಕೋನದಲ್ಲಿ ಬಂಡೆಗೆ ಹತ್ತಿರದ ಮೂಲೆಯಲ್ಲಿದೆ ಎಂದೇ ಎಣಿಸಬೇಕು. ಆಳ ಅಳೆಯುವ ಯಂತ್ರದ ಅಂಕಿ ಜೊತೆಗಿದ್ದರೆ ಇನ್ನೂ ಗಟ್ಟಿ. ಕೆಲವು ಕಡೆ ಬೀಕನ್‌ನ ರೇಡಿಯೋ ಸದ್ದು ಮತ್ತು ಮಂಜಿನ ಕಹಳೆ ಒಟ್ಟಿಗೆ ಹೊರಡುತ್ತಿದ್ದವು. ರೇಡಿಯೋ ತಕ್ಷಣ ಬರುತ್ತದೆ, ಕಹಳೆಯ ಸದ್ದಿಗೆ ಮೈಲಿಗೆ ಸುಮಾರು ಐದೂವರೆ ಸೆಕೆಂಡ್ ಬೇಕು. ನಡುವಿನ ಸೆಕೆಂಡ್ ಎಣಿಸಿದರೆ ದೂರವೂ ಸಿಗುತ್ತಿತ್ತು. ನನಗೆ ಬಹಳ ಹಿಡಿಸಿದ ಉಪಾಯ ಇದು.

ಈಗಿನ ಮಾತಿಗೆ ಬಂದರೆ, 1999ರ ಫೆಬ್ರವರಿ 1ರಿಂದ ಹಡಗುಗಳ ತುರ್ತು ಸಂಪರ್ಕಕ್ಕೆ ಹೊಸ ಜಾಗತಿಕ ಸುರಕ್ಷಾ ವ್ಯವಸ್ಥೆ ಪೂರ್ತಿ ಜಾರಿಗೆ ಬಂತು, ನಮ್ಮಂಥ ರೇಡಿಯೋ ಆಫೀಸರ್‌ಗಳ ಹುದ್ದೆಯೂ ಹೋಯಿತು. ಹಳೆಯ ಬೀಕನ್‌ಗಳು ಹೆಚ್ಚಿನ ಕಡೆ ಮುಚ್ಚಿವೆ. ದಾರಿ ಹುಡುಕಲು ಇದನ್ನೇ ನಂಬಿ ಇವತ್ತು ಯಾರೂ ಮಂಜಿಗೆ ಇಳಿಯಬಾರದು. ಜಿಪಿಎಸ್, ರೇಡಾರ್, ಎಐಎಸ್ (ಹಡಗುಗಳು ತಮ್ಮ ಗುರುತು, ಜಾಗ ತಾವೇ ಸಾರುವ ವ್ಯವಸ್ಥೆ) ಇವೆ. ಆದರೆ ಹುಡುಕಿ ಕಾಪಾಡುವ ಕೆಲಸದಲ್ಲಿ ಈ ವಿದ್ಯೆ ಇನ್ನೂ ಜೀವಂತ. ಮುಳುಗುವ ದೋಣಿಯ ತುರ್ತು ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ, ಜೊತೆಗೆ 121.5ರಲ್ಲೂ ಕೂಗುತ್ತಿರುತ್ತದೆ. ಹತ್ತಿರ ಬಂದ ಹೆಲಿಕಾಪ್ಟರ್, ದೋಣಿಗಳು ಆ 121.5ರ ದಿಕ್ಕು ಹಿಡಿದೇ ಕೊನೆಯ ದೂರ ಕ್ರಮಿಸುತ್ತವೆ. ಹತ್ತಿರ ಹೋದಷ್ಟೂ ತಪ್ಪು ಕರಗುವ ಗುಣ ಅಲ್ಲಿ ಜೀವ ಉಳಿಸುತ್ತದೆ. ಆ ತರಂಗ ಚಿಕ್ಕದಾದ್ದರಿಂದ ಅದಕ್ಕೆ ಬೇರೆಯೇ ರೋಗ: ಬಂಡೆ, ಕಬ್ಬಿಣಕ್ಕೆ ಬಡಿದು ವಾಪಸ್ ಬರುತ್ತದೆ. ದೇವರಾಯನದುರ್ಗದಲ್ಲಿ ನಾವು ಹ್ಯಾಮ್ ಗೆಳೆಯರು 144 ಮೆಗಾಹರ್ಟ್ಸ್‌ನ ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಟ್ಟು ಹುಡುಕುವ ಆಟ ಆಡುವಾಗ, ಎದುರಿನ ಬಂಡೆಯೇ ಟ್ರಾನ್ಸ್‌ಮಿಟರ್ ಎಂಬಂತೆ ಆಂಟೆನಾ ತೋರಿಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಮತ್ತೆ ಅಳೆದರೆ ಸುಳ್ಳು ದಿಕ್ಕು ಕದಲುತ್ತದೆ.

ನೀವೇ ಮಾಡಿ ನೋಡಬೇಕೆಂದರೆ ಹಳೆಯ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ಸಾಕು. ಒಳಗಿನ ಫೆರೈಟ್ ಕಡ್ಡಿಯ ತುದಿ ಸ್ಟೇಷನ್ ಕಡೆ ನೋಡಿದಾಗ ಸದ್ದು ಅಡಗುತ್ತದೆ. ಮನೆಯ ವೈರಿಂಗ್, ಎಲ್‌ಇಡಿ ಬಲ್ಬುಗಳಿಂದ ದೂರ, ಬಯಲಿಗೆ ಹೋಗಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಹಿಡಿಯಿರಿ, ಆಮೇಲೆ ಭದ್ರಾವತಿಯ 675 ಸಿಕ್ಕರೆ ಅದನ್ನೂ. ಕಡ್ಡಿ ನಿಂತ ಗೆರೆಯನ್ನು ಕೆಳಗಿನ ಕಾಗದದ ಮೇಲೆ ಎಳೆದುಕೊಂಡು, ರೇಡಿಯೋ ಪಕ್ಕಕ್ಕಿಟ್ಟ ಮೇಲೆಯೇ ದಿಕ್ಸೂಚಿ ಇಡಿ. ಸ್ಪೀಕರ್‌ನ ಆಯಸ್ಕಾಂತ ಮುಳ್ಳನ್ನು ಎಳೆಯುತ್ತದೆ. ಈ ವಿಷಯದಲ್ಲಿ ನಿಮ್ಮ ಊರು ನನ್ನದಕ್ಕಿಂತ ಅನುಕೂಲ. ಚಿಕ್ಕಬಳ್ಳಾಪುರಕ್ಕೆ ಬೆಂಗಳೂರು ಹೆಚ್ಚುಕಡಿಮೆ ದಕ್ಷಿಣ, ಭದ್ರಾವತಿ ಹೆಚ್ಚುಕಡಿಮೆ ಪಶ್ಚಿಮ. ಗೆರೆಗಳು ಅಡ್ಡಡ್ಡ ಕತ್ತರಿಸುತ್ತವೆ. ತುಮಕೂರಿಗೆ ಒಂದು ಆಗ್ನೇಯ, ಇನ್ನೊಂದು ವಾಯವ್ಯದ ಕಡೆ. ಎರಡೂ ಗೆರೆ ಸುಮಾರು ಒಂದರ ಮೇಲೊಂದು ಮಲಗುತ್ತವೆ, 2 ಡಿಗ್ರಿ ತಪ್ಪಿದರೂ ಜಾಗ ಎಲ್ಲೆಲ್ಲೋ ಓಡುತ್ತದೆ. ಬೀಕನ್ ಆರಿಸುವಾಗ ನಾವಿಕ ಮೊದಲು ನೋಡುವುದೂ ಇದನ್ನೇ.

ಮಧ್ಯಾಹ್ನ ಒಮ್ಮೆ ಅಳೆಯಿರಿ, ಕತ್ತಲಾದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ. ಎರಡೂ ಹೊತ್ತಿನ ಅಂಕಿಗಳನ್ನು ಇಲ್ಲೇ ಬರೆಯಿರಿ, ಮ್ಯಾಪಿನ ಮೇಲೆ ಗೆರೆ ಎಳೆಯುವುದಕ್ಕೆ ನಾನು ನೆರವಾಗುತ್ತೇನೆ.