ಗಾಂಜಾ ಪರಿಚಯದ ಪುಸ್ತಕ: ಕೊಳ್ಳುವ ಮೊದಲು ಯಾವ ಪುಟ ನೋಡಬೇಕು?

ಪ್ರಶ್ನೆ: ನಮ್ಮ ವಾಚನಾಲಯಕ್ಕೆ ಗಾಂಜಾ ಬಗ್ಗೆ ಒಂದು ಪರಿಚಯ ಪುಸ್ತಕ ಬೇಕಾಗಿದೆ. ಕಾಲೇಜು ಹುಡುಗರು ಕೇಳುತ್ತಾರೆ, ಗೋಕರ್ಣದ ಕಡೆ ಕೆಲಸಕ್ಕೆ ಹೋಗುವ ಮಕ್ಕಳ ತಂದೆತಾಯಿಯರೂ ಕೇಳುತ್ತಾರೆ. ಸಿಗುವುದೆಲ್ಲ ಹೆಚ್ಚಾಗಿ ಹೊರದೇಶದ್ದು. ಒಳ್ಳೆಯದನ್ನು ಆರಿಸುವುದು ಹೇಗೆ?
— ಓದುಗರೊಬ್ಬರು, ಶಿರಸಿ

ಉತ್ತರ: ಮೊದಲು ಕಾನೂನಿನ ಅಧ್ಯಾಯ ತೆರೆಯಿರಿ. ಕೆನಡಾದ ಬಹುಭಾಗದಲ್ಲಿ ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಅದನ್ನು ಓದಿ ಇಲ್ಲಿ ಹಿತ್ತಲಲ್ಲಿ ಒಂದೇ ಗಿಡ ನೆಟ್ಟರೂ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯ 20ನೇ ಕಲಮಿನಂತೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಭಾರತದ ಪುಸ್ತಕವಾದರೆ ‘ಅಲ್ಪ ಪ್ರಮಾಣ’ದ ಶಿಕ್ಷೆ ಎಷ್ಟೆಂದು ಬರೆದಿದ್ದಾರೆ ನೋಡಿ. ಗಾಂಜಾಕ್ಕೆ 1 ಕಿಲೋ, ಗಾಂಜಾ ಗಿಡದ ಅಂಟಿನಿಂದ ಮಾಡುವ ಚರಸ್‌ಗೆ 100 ಗ್ರಾಂ ಈ ಮಿತಿ. ಆರು ತಿಂಗಳ ಸಜೆ ಎಂದಿದ್ದರೆ ಅದು ಹಳೆಯ ಪಾಠ. 2014ರ ತಿದ್ದುಪಡಿಯ ನಂತರ ಒಂದು ವರ್ಷದವರೆಗೆ ಇದೆ. ಕಿಲೋ ಒಳಗಿದ್ದರೆ ಅಪರಾಧವೇ ಅಲ್ಲ ಎನ್ನುವ ಪುಸ್ತಕವನ್ನಂತೂ ಅಂಗಡಿಯಲ್ಲೇ ಬಿಟ್ಟುಬನ್ನಿ.

ನಂತರ ತಿನ್ನುವ ಗಾಂಜಾದ ಪುಟ. ಪುಸ್ತಕದ ಯೋಗ್ಯತೆ ತಿಳಿಯುವುದೇ ಇಲ್ಲಿ. ಸೇದಿದರೆ ಕೆಲವೇ ನಿಮಿಷದಲ್ಲಿ ಅಮಲು ಏರುತ್ತದೆ. ತಿಂದರೆ ಅಥವಾ ಭಂಗಿಯಾಗಿ ಕುಡಿದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಹೊಟ್ಟೆಗೆ ಹೋದ ಟಿಎಚ್‌ಸಿಯನ್ನು (ಗಾಂಜಾದಲ್ಲಿ ಅಮಲೇರಿಸುವ ಮುಖ್ಯ ಅಂಶ) ಯಕೃತ್ತು 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಿಸುತ್ತದೆ, ಅದಕ್ಕೂ ಅಮಲೇರಿಸುವ ಗುಣವಿದೆ. ಏನೂ ಆಗಲಿಲ್ಲವಲ್ಲ ಎಂದು ಮತ್ತೊಮ್ಮೆ ತಿಂದವರಿಗೆ ಎರಡೂ ಸೇರಿ ಏರಿ ಎದೆ ಹೊಡೆದುಕೊಳ್ಳುತ್ತದೆ, ವಿಪರೀತ ಭಯ, ವಾಂತಿ. ಈ ಕಾರಣವನ್ನು ಬಿಡಿಸಿ ಹೇಳದೆ ‘ಮಿತವಾಗಿ ಬಳಸಿ’ ಎಂದಷ್ಟೇ ಬರೆದವರು ಓದುಗರ ಬಗ್ಗೆ ಯೋಚಿಸಿಲ್ಲ. ಪ್ರಮಾಣವೂ ಚಮಚ, ಉಂಡೆ ಲೆಕ್ಕದಲ್ಲಿರದೆ ಟಿಎಚ್‌ಸಿಯ ಮಿಲಿಗ್ರಾಂನಲ್ಲಿರಬೇಕು. ಹದಿಹರೆಯದವರು, ಬಸುರಿಯರು, ಮನೆತನದಲ್ಲಿ ಚಿತ್ತವಿಕಲತೆ ಇರುವವರು ಇದರಿಂದ ದೂರವಿರಬೇಕೆಂಬ ಮಾತು ಎದ್ದು ಕಾಣುವಂತಿರಬೇಕು.

ಔಷಧದ ಅಧ್ಯಾಯದಲ್ಲಿ ಕ್ಯಾನ್ಸರಿನಿಂದ ಸಕ್ಕರೆ ಕಾಯಿಲೆವರೆಗೆ ಎಲ್ಲವೂ ಗುಣವಾಗುತ್ತದೆ ಎಂದಿದ್ದರೆ ನಂಬಬೇಡಿ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಪಡೆದ ಸಿಬಿಡಿ (ಗಾಂಜಾದಲ್ಲಿನ ಅಮಲೇರಿಸದ ಒಂದು ಅಂಶ) ಔಷಧ ಎಪಿಡಿಯೋಲೆಕ್ಸ್ ಮೊದಲಿಗೆ ಬಂದದ್ದು ಮಕ್ಕಳಲ್ಲಿ ಕಾಣುವ ಎರಡು ಅಪರೂಪದ ಮೂರ್ಛೆರೋಗಗಳಿಗೆ. ಒಳ್ಳೆಯ ಪುಸ್ತಕ ಹೀಗೆ ಯಾವ ರೋಗ, ಯಾವ ಅಂಶ ಎಂದು ಬಿಡಿಸಿ ಹೇಳುತ್ತದೆ.

ಗಿಡದ ಆಕಾರ ನೋಡಿ ಹೇಳುವ ಎರಡು ಬಗೆಗಳಲ್ಲಿ ಇಂಡಿಕಾ ನಿದ್ದೆ ತರುತ್ತದೆ, ಸಟೈವಾ ಹುರುಪು ಕೊಡುತ್ತದೆ ಎಂಬ ಪಟ್ಟಿ ಅನೇಕ ಪುಸ್ತಕಗಳಲ್ಲಿದೆ. ಪರಿಣಾಮವನ್ನು ನಿರ್ಧರಿಸುವುದು ಗಿಡದ ಆಕಾರವಲ್ಲ, ಒಳಗಿನ ರಾಸಾಯನಿಕಗಳು ಮತ್ತು ಪ್ರಮಾಣ. ಚಿತ್ರಗಳನ್ನೂ ನೋಡಿ: ಬೆರಳು ಬಿಡಿಸಿದಂಥ ಎಲೆ ಪುಂಡಿಗೂ ಇದೆ. ಆದರೆ ಪುಂಡಿಯದು ಅಗಲ ಎಸಳಿನ ದೊಡ್ಡ ಹೂವು. ಗಾಂಜಾದ್ದು ಎಸಳಿಲ್ಲದ ಸಣ್ಣ ಹಸಿರು ಹೂವು, ಗಂಡು-ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಬರೀ ಎಲೆಯ ಚಿತ್ರ ಸಾಲದು.

ಹೊರದೇಶದ ಪುಸ್ತಕವನ್ನೇ ಕೊಂಡರೆ ಅದರಲ್ಲಿನ ಸಹಾಯವಾಣಿ ಸಂಖ್ಯೆಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಬರೆದ ಚೀಟಿಯನ್ನು ರಕ್ಷಾಪುಟದ ಒಳಬದಿಗೆ ಅಂಟಿಸಿಡಿ. ಕಾನೂನಿನ ಅಧ್ಯಾಯದ ಮೊದಲ ಪುಟದಲ್ಲೂ ಇದು ಭಾರತಕ್ಕೆ ಅನ್ವಯಿಸದು ಎಂದು ಬರೆದಿಡಿ.